ಹಿತ್ತಲಿನ ಹುಲ್ಲಿನಲ್ಲಿ ಕಚ್ಚುವ ನುಸಿ: ತುರಿಕೆಯಷ್ಟೇ ಅಲ್ಲ, ಜ್ವರದ ಬಗ್ಗೆಯೂ ಇರಲಿ ಎಚ್ಚರ

ಮೈಸೂರು: ಮುಂಗಾರು ಮಳೆ ಹಿಡಿದುಕೊಂಡಿತೆಂದರೆ ನಗರದ ಮನೆಗಳ ಹಿತ್ತಲು, ಕೈತೋಟ ಹಾಗೂ ಪಕ್ಕದ ಖಾಲಿ ನಿವೇಶನಗಳಲ್ಲಿ ಹುಲ್ಲು ಮೊಣಕಾಲೆತ್ತರ ಬೆಳೆಯುತ್ತದೆ. ಅಲ್ಲಿ ಕಳೆ ಕಿತ್ತವರ, ಹೂ ಬಿಡಿಸಿದವರ ಕಣಕಾಲು, ಸೊಂಟ, ಕಂಕುಳಗಳಲ್ಲಿ ಮರುದಿನ ಕೆಂಪು ಗುಳ್ಳೆಗಳೇಳುವುದುಂಟು. ಸೊಳ್ಳೆಯೋ ಇರುವೆಯೋ ಕಚ್ಚಿರಬೇಕೆಂದು ಸುಮ್ಮನಾಗುವವರೇ ಹೆಚ್ಚು. ಆದರೆ ಬರಿಗಣ್ಣಿಗೆ ಕಾಣುವುದೇ ಕಷ್ಟವೆನಿಸುವ ನುಸಿಯ ಮರಿಗಳೂ ಇದಕ್ಕೆ ಕಾರಣವಾಗಿರಬಹುದು. ಅವುಗಳಲ್ಲಿ ಕೆಲವು ಜಾತಿಗಳು ‘ಸ್ಕ್ರಬ್ ಟೈಫಸ್’ ಎಂಬ ಅಪಾಯಕಾರಿ ಜ್ವರವನ್ನು ಹರಡುತ್ತವೆ.

ಯಾವುದು ಈ ನುಸಿ?

ತೆಂಗು ಬೆಳೆಗಾರರಿಗೆ ನುಸಿ ಪೀಡೆ ಹೊಸದಲ್ಲ. ಅದು ಕಾಯಿಯ ರಸ ಹೀರುವ ನುಸಿ, ಮನುಷ್ಯರನ್ನು ಕಚ್ಚದು. ಹುಲ್ಲಿನಲ್ಲಿರುವುದು ‘ಚಿಗ್ಗರ್’ ಎಂದು ಕರೆಯಲಾಗುವ ಬೇರೊಂದು ವರ್ಗದ ನುಸಿಯ ಮರಿ. ದಕ್ಷಿಣ ಭಾರತದಲ್ಲಿ ‘ಲೆಪ್ಟೊಟ್ರೊಂಬಿಡಿಯಂ ಡೆಲಿಯೆನ್ಸ್’ ಎಂಬ ಜಾತಿ ರೋಗವಾಹಕಗಳಲ್ಲಿ ಮುಖ್ಯವಾದುದು.

ಬೆಳೆದ ನುಸಿ ಮಣ್ಣಿನಲ್ಲೇ ಇದ್ದು ಕೀಟಗಳ ಮೊಟ್ಟೆ ತಿಂದು ಬದುಕುತ್ತದೆ. ಕಚ್ಚುವುದು ಆರು ಕಾಲಿನ ಮರಿ ಮಾತ್ರ. ಒಂದು ಮಿಲಿಮೀಟರಿನ ಕಾಲು ಭಾಗದಷ್ಟಿರುವ ಈ ಮರಿ ಹುಲ್ಲಿನ ತುದಿ ಅಥವಾ ಒಣ ಎಲೆಯ ಮೇಲೆ ಕಾದಿದ್ದು, ಹಾದುಹೋಗುವ ಇಲಿ, ಹೆಗ್ಗಣ, ಹಕ್ಕಿ ಅಥವಾ ಮನುಷ್ಯರನ್ನು ಹತ್ತುತ್ತದೆ. ಬಟ್ಟೆ ಬಿಗಿಯಾಗಿರುವ ಹಾಗೂ ಚರ್ಮ ಮೃದುವಾಗಿರುವ ಜಾಗ ಅದಕ್ಕೆ ಪ್ರಿಯ. ಅದು ರಕ್ತ ಹೀರುವುದಿಲ್ಲ, ಚರ್ಮದೊಳಗೂ ಸೇರುವುದಿಲ್ಲ; ಜೊಲ್ಲಿನಿಂದ ಚರ್ಮದ ಅಂಗಾಂಶವನ್ನು ಕರಗಿಸಿ ಹೀರಿ, ಕೆಲ ದಿನಗಳ ಬಳಿಕ ಉದುರಿಹೋಗುತ್ತದೆ.

ಮಲೆನಾಡಿನ ಮಂಗನ ಕಾಯಿಲೆಯನ್ನು ಇದರೊಂದಿಗೆ ಬೆರೆಸಬಾರದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಪ್ರದೇಶದಲ್ಲಿ ಪತ್ತೆಯಾಗಿ, 2012ರಲ್ಲಿ ಬಂಡೀಪುರದಲ್ಲೂ ಕಾಣಿಸಿಕೊಂಡ ಆ ಕಾಯಿಲೆಗೆ ವೈರಾಣು ಕಾರಣ. ಅದನ್ನು ಹರಡುವುದು ಕಾಡಿನ ಉಣ್ಣೆ. ಸ್ಕ್ರಬ್ ಟೈಫಸ್‌ಗೆ ಕಾರಣ ‘ಒರಿಯೆಂಟಿಯಾ ಸುತ್ಸುಗಮುಷಿ’ ಎಂಬ ಬ್ಯಾಕ್ಟೀರಿಯಾ. ಎರಡನೇ ಮಹಾಯುದ್ಧದಲ್ಲಿ ಅಸ್ಸಾಂ-ಬರ್ಮಾ ಗಡಿಯಲ್ಲಿದ್ದ ಸೈನಿಕರನ್ನು ತೀವ್ರವಾಗಿ ಕಾಡಿದ್ದು ಇದೇ ಜ್ವರ.

ತುರಿಕೆ ಇಲ್ಲದಿದ್ದರೂ ಅಪಾಯ

ರೋಗ ಹರಡುವ ಜಾತಿಯ ನುಸಿ ಕಚ್ಚಿದಾಗ ಅನೇಕ ವೇಳೆ ತುರಿಕೆಯೇ ಇರುವುದಿಲ್ಲ. ಕಚ್ಚಿದ್ದು ಗೊತ್ತಾಗದೆ, ಸಾಮಾನ್ಯವಾಗಿ 6ರಿಂದ 21 ದಿನಗಳೊಳಗೆ ತೀವ್ರ ಜ್ವರ, ತಲೆನೋವು, ಮೈಕೈ ನೋವು ಕಾಣಿಸಿಕೊಳ್ಳುತ್ತವೆ. ಪ್ಲೇಟ್‌ಲೆಟ್ ಸಂಖ್ಯೆಯೂ ಕುಸಿಯಬಹುದಾದ್ದರಿಂದ ಇದನ್ನು ಡೆಂಗಿಯೆಂದು ಭಾವಿಸುವ ಸಾಧ್ಯತೆ ಇದೆ.

ಕಚ್ಚಿದ ಜಾಗದಲ್ಲಿ ಬೀಡಿಯಿಂದ ಸುಟ್ಟಂತಹ ನೋವಿಲ್ಲದ ಕಪ್ಪು ಹಕ್ಕಳೆ ಮೂಡುವುದು ಮುಖ್ಯ ಸುಳಿವು. ಆದರೆ ಎಲ್ಲ ರೋಗಿಗಳಲ್ಲೂ ಅದು ಕಾಣಿಸದು. ಕಂಕುಳು, ತೊಡೆಸಂದು, ಸೊಂಟ, ಸ್ತನದ ಕೆಳಭಾಗಗಳಲ್ಲಿ ಅಡಗಿರುವುದರಿಂದ ಹುಡುಕಿ ನೋಡಬೇಕಾಗುತ್ತದೆ.

ಸಕಾಲದಲ್ಲಿ ಗುರುತಿಸಿದರೆ ಡಾಕ್ಸಿಸೈಕ್ಲಿನ್ ಅಥವಾ ಅಜಿತ್ರೊಮೈಸಿನ್ ಮಾತ್ರೆಗಳಿಂದ ಜ್ವರ ಗುಣವಾಗುತ್ತದೆ. ಪೆನ್ಸಿಲಿನ್ ವರ್ಗದ ಔಷಧಗಳು ಇದಕ್ಕೆ ನಾಟುವುದಿಲ್ಲ. ಹೀಗಾಗಿ ಅಂಗಡಿಯಲ್ಲಿ ತಾವೇ ಕೇಳಿ ಪಡೆದ ಮಾತ್ರೆ ನುಂಗುತ್ತಾ ವಾರ ಕಳೆದರೆ ಶ್ವಾಸಕೋಶ, ಮೂತ್ರಪಿಂಡ, ಮಿದುಳಿಗೆ ಹಾನಿಯಾಗಿ ಪ್ರಾಣಕ್ಕೇ ಕುತ್ತು ಬರಬಹುದು. ರೋಗ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ.

ಹಿತ್ತಲಿನಲ್ಲಿ ಮಾಡಬೇಕಾದ್ದೇನು?

ನುಸಿ ಇದೆಯೇ ಎಂದು ತಿಳಿಯಲು ಸರಳ ಉಪಾಯವಿದೆ. ಬಿಸಿಲೇರುವ ಮುನ್ನ ಕಪ್ಪು ರಟ್ಟಿನ ತುಂಡೊಂದನ್ನು ಹುಲ್ಲಿನ ನಡುವೆ ನೆಟ್ಟಗೆ ನಿಲ್ಲಿಸಿ ಕೆಲ ನಿಮಿಷ ಕಾಯಬೇಕು. ನುಸಿಗಳಿದ್ದರೆ ಹಳದಿ-ಕೆಂಪು ಚುಕ್ಕೆಗಳಂತೆ ಅಂಚಿನತ್ತ ಹತ್ತುತ್ತವೆ. ನಾಲ್ಕಾರು ಕಡೆ ನೋಡಿದರೆ ಹಿತ್ತಲಿನ ಯಾವ ಮೂಲೆಯಲ್ಲಿ ಅವು ಸೇರಿವೆ ಎಂಬುದು ತಿಳಿಯುತ್ತದೆ. ಇಡೀ ಅಂಗಳದಲ್ಲಿ ಅವು ಸಮನಾಗಿ ಹರಡಿರುವುದಿಲ್ಲ.

ತೇವ ಮತ್ತು ನೆರಳು ಅವುಗಳಿಗೆ ಆಸರೆ. ಆದ್ದರಿಂದ ಹುಲ್ಲನ್ನು ಗಿಡ್ಡವಾಗಿ ಕತ್ತರಿಸಿ, ಪೊದೆಗಳ ಕೆಳಗಿನ ಕೊಂಬೆ ಸವರಿ ನೆಲಕ್ಕೆ ಬಿಸಿಲು ಬೀಳುವಂತೆ ಮಾಡುವುದೇ ಮೊದಲ ಕೆಲಸ. ತರಗೆಲೆ, ತೆಂಗಿನ ಗರಿ, ಹಳೆಯ ಇಟ್ಟಿಗೆಯ ರಾಶಿಗಳನ್ನು ತೆಗೆಯಬೇಕು. ಸೌದೆಯನ್ನು ನೆಲದಿಂದ ಮೇಲೆತ್ತಿ ಜೋಡಿಸಬೇಕು.

ಎರಡನೆಯದು ಇಲಿಗಳ ನಿಯಂತ್ರಣ. ಎಂಜಲು, ಕಾಳು, ನಾಯಿಗಳ ಆಹಾರವನ್ನು ಹೊರಗೆ ಬಿಡದಿದ್ದರೆ ಇಲಿಗಳು ತಾವಾಗಿಯೇ ಕಡಿಮೆಯಾಗುತ್ತವೆ. ಹುಲ್ಲು ಹಾಗೆಯೇ ಬಿಟ್ಟು ಇಲಿಗಳನ್ನು ಮಾತ್ರ ಕೊಂದರೆ, ಆಸರೆ ಕಳೆದುಕೊಂಡ ನುಸಿಮರಿಗಳು ಮನುಷ್ಯರತ್ತ ತಿರುಗಬಹುದು.

ಅಂಗಳಕ್ಕೆಲ್ಲ ಕೀಟನಾಶಕ ಸುರಿಯುವುದು ಸರಿಯಲ್ಲ. ಜೇನುನೊಣ, ಎರೆಹುಳುಗಳೂ ಸಾಯುತ್ತವೆ. ಅನಿವಾರ್ಯವಾದರೆ ನುಸಿ ಕಂಡ ಜಾಗಕ್ಕೆ ಮಾತ್ರ, ಡಬ್ಬಿಯ ಮೇಲಿನ ಸೂಚನೆಯಂತೆ ಬಳಸಬೇಕು. ಪರ್ಮೆಥ್ರಿನ್ ಬೆಕ್ಕುಗಳಿಗೆ ವಿಷವೆಂಬುದು ನೆನಪಿರಲಿ.

ತೋಟದ ಕೆಲಸಕ್ಕೆ ತುಂಬು ತೋಳಿನ ಅಂಗಿ, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟು ಧರಿಸುವುದು, ತೆರೆದ ಚರ್ಮಕ್ಕೆ ಡೀಟ್ ಇರುವ ಮುಲಾಮು ಹಚ್ಚುವುದು ಒಳಿತು. ಕೆಲಸ ಮುಗಿದೊಡನೆ ಸೋಪಿನಿಂದ ಮೈ ಉಜ್ಜಿ ಸ್ನಾನ ಮಾಡಿದರೆ ಕಚ್ಚದೆ ಓಡಾಡುತ್ತಿರುವ ಮರಿಗಳು ತೊಳೆದುಹೋಗುತ್ತವೆ. ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆಯಬೇಕು. ಹುಲ್ಲಿನ ಮೇಲೆ ಒಣಹಾಕಬಾರದು.

ಒಂದೇ ಮನೆಯ ಕೆಲಸವಲ್ಲ

19ನೇ ಶತಮಾನದ ಕೊನೆಯಲ್ಲಿ ಪ್ಲೇಗ್ ಮಾರಿ ಎರಗಿದ ನಂತರ, 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿಯನ್ನು ಸ್ಥಾಪಿಸಿ ಗಾಳಿ-ಬೆಳಕಿನ ಬಡಾವಣೆಗಳನ್ನು ರೂಪಿಸಿದ ಊರು ಮೈಸೂರು. ಆಗ ಇಲಿಯ ಮೈಮೇಲಿನ ಚಿಗಟ ಕಲಿಸಿದ ಪಾಠವನ್ನೇ ಇಂದು ನುಸಿ ನೆನಪಿಸುತ್ತಿದೆ. ತನ್ನ ಹಿತ್ತಲು ಎಷ್ಟೇ ಚೊಕ್ಕಟವಾಗಿದ್ದರೂ ಪಕ್ಕದ ಖಾಲಿ ನಿವೇಶನ ಅಥವಾ ಹಿಂಬದಿಯ ಕನ್ಸರ್ವೆನ್ಸಿ ಗಲ್ಲಿ ಪೊದೆ ಬೆಳೆದು ನಿಂತಿದ್ದರೆ ಇಲಿಗಳೊಡನೆ ನುಸಿಯೂ ಮರಳಿ ಬರುತ್ತದೆ. ನಿವೇಶನದ ಮಾಲೀಕರು, ಬಡಾವಣೆಯ ನಿವಾಸಿಗಳು ಹಾಗೂ ಪಾಲಿಕೆ ಕೂಡಿ ಮಳೆಗಾಲಕ್ಕೆ ಮೊದಲೇ ಅವನ್ನು ಸವರಿಸುವುದು ಅಗತ್ಯ.

ಮಳೆಗಾಲ ಹಾಗೂ ಅದರ ನಂತರದ ತಿಂಗಳುಗಳಲ್ಲಿ ಜ್ವರ ಬಂದು ಎರಡು ಮೂರು ದಿನಗಳಲ್ಲಿ ಇಳಿಯದಿದ್ದರೆ ವೈದ್ಯರನ್ನು ಕಾಣಬೇಕು. ಹುಲ್ಲು, ಪೊದೆಗಳ ನಡುವೆ ಕೆಲಸ ಮಾಡಿದ್ದನ್ನು ಅವರಿಗೆ ತಪ್ಪದೆ ತಿಳಿಸಬೇಕು. ರೋಗವನ್ನು ಬೇಗ ಗುರುತಿಸಲು ಆ ಒಂದು ಮಾತು ನೆರವಾಗುತ್ತದೆ.