ನಿಮಗಿದು ಗೊತ್ತೇ? ಕಲ್ಲು, ಪದ, ಕಥೆಗಳಲ್ಲಿ ನಮ್ಮ ಸೀಮೆ

● ಶನಿವಾರ, ಭಾನುವಾರ ಬಂತೆಂದರೆ ಚಿಕ್ಕಬಳ್ಳಾಪುರದ ಕಳವಾರ ಬೆಟ್ಟಕ್ಕೆ ಬೆಂಗಳೂರಿನ ಹುಡುಗರ ದಂಡು. ಪಾಪಾಘ್ನಿ ಮಠದ ಬಳಿ ಗಾಡಿ ನಿಲ್ಲಿಸಿ ಹತ್ತುವವರು ತುದಿಯಲ್ಲಿ ಮೋಡದ ಫೋಟೊ ತೆಗೆದುಕೊಂಡು ಇಳಿಯುತ್ತಾರೆ. ಪಕ್ಕದಲ್ಲೇ ಕಾಣುವ ನಂದಿಬೆಟ್ಟ ಸಾವಿರ ವರ್ಷಕ್ಕೂ ಹಿಂದೆ ಗಂಗ ಅರಸರ ಬಿರುದಾಗಿತ್ತು. ಶಾಸನಗಳಲ್ಲಿ ಅವರು ಕುವಳಾಲಪುರವರೇಶ್ವರರು, ಅಂದರೆ ಕೋಲಾರದ ಒಡೆಯರು, ಜೊತೆಗೆ ನಂದಗಿರಿನಾಥರು. ರಾಜಧಾನಿ ಕಾವೇರಿ ದಂಡೆಯ ತಲಕಾಡಿಗೆ ಹೋದ ಮೇಲೂ ಈ ಎರಡು ಹೆಸರನ್ನು ಅವರು ಬಿಡಲಿಲ್ಲ. ನೌಕರಿಗೆಂದು ಊರು ಬಿಟ್ಟವರು ಹೆಸರಿನ ಮುಂದೆ ಊರಿನ ಇನಿಷಿಯಲ್ ಉಳಿಸಿಕೊಳ್ಳುವ ಹಾಗೆ.

● ನಂದಿಯ ಗೋಪಿನಾಥ ಬೆಟ್ಟದ ಬಂಡೆಯ ಮೇಲೆ ಗಂಗರ ಕಾಲದ ಒಂದು ಜೈನ ಶಾಸನವಿದೆ. ಅಲ್ಲಿದ್ದ ಜಿನಾಲಯವನ್ನು ಮೊದಲು ಕಟ್ಟಿಸಿದವನು ದಶರಥನ ಮಗ ರಾಮ, ಆಮೇಲೆ ಅದನ್ನು ಜೀರ್ಣೋದ್ಧಾರ ಮಾಡಿಸಿದವಳು ಪಾಂಡವರ ತಾಯಿ ಕುಂತಿ ಎನ್ನುತ್ತದೆ ಆ ಶಾಸನ! ಓದಿದವರು ಮೊದಲು ನಗಬಹುದು. ಆದರೆ ಜೈನ ರಾಮಾಯಣ, ಜೈನ ಭಾರತಗಳು ಜನರ ಬಾಯಲ್ಲಿದ್ದ ಕಾಲ ಅದು. ರಾಮ ಎಲ್ಲರಿಗೂ ಬೇಕಾಗಿದ್ದ, ಯಾರೊಬ್ಬರ ಸೊತ್ತೂ ಆಗಿರಲಿಲ್ಲ. ಈಗ ಅದೇ ಮಾತನ್ನು ಯಾರಾದರೂ ಕಲ್ಲಲ್ಲಿ ಕೆತ್ತಿಸಲು ಹೋದರೆ ಏನಾದೀತು, ಊಹಿಸಿಕೊಳ್ಳಿ.

● ಅದೇ ಮಹಾಭಾರತವನ್ನು ಚಿಂತಾಮಣಿ ತಾಲ್ಲೂಕಿನವರು ಕೈವಾರಕ್ಕೆ ತಂದರು. ಅದೇ ಏಕಚಕ್ರಪುರ, ಭೀಮ ಬಕಾಸುರನನ್ನು ಕೊಂದದ್ದು ಅಲ್ಲೇ ಎನ್ನುವುದು ಸ್ಥಳ ಪುರಾಣ. ಗೌರಿಬಿದನೂರು ತಾಲ್ಲೂಕಿನವರು ವಿದುರನಿಂದ ಅಶ್ವತ್ಥ ಮರ ನೆಡಿಸಿದರು, ಅದು ವಿದುರಾಶ್ವತ್ಥ. ಆ ಮರ 2001ರಲ್ಲಿ ಉರುಳಿತು, ನಾಗರ ಕಲ್ಲುಗಳು ಮಾತ್ರ ಇಂದಿಗೂ ಸಾಲುಗಟ್ಟಿ ನಿಂತಿವೆ. ಮಹಾಭಾರತದಲ್ಲಿ ವಿದುರ ಎಂದರೆ ಅರಸನಿಗೆ ಮುಖಕ್ಕೆ ಮುಖ ಕೊಟ್ಟು ಸತ್ಯ ಹೇಳಿದವನು. ಅವನ ಹೆಸರಿನ ಊರಿನಲ್ಲೇ 1938ರ ಏಪ್ರಿಲ್ 25ರಂದು ಕಾಂಗ್ರೆಸ್ ಬಾವುಟ ಹಾರಿಸಲು ಸೇರಿದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಸರ್ಕಾರದ ಲೆಕ್ಕದಲ್ಲಿ ಸತ್ತವರು 10, ಜನರ ಲೆಕ್ಕದಲ್ಲಿ ಅದರ ಮೂರರಷ್ಟು. ಮರು ತಿಂಗಳೇ ದಿವಾನ್ ಮಿರ್ಜಾ ಇಸ್ಮಾಯಿಲ್ ಮತ್ತು ಸರ್ದಾರ್ ಪಟೇಲರ ನಡುವೆ ಒಪ್ಪಂದವಾಗಿ, ಸಂಸ್ಥಾನದ ಬಾವುಟದ ಜೊತೆ ಕಾಂಗ್ರೆಸ್ ಬಾವುಟಕ್ಕೂ ಜಾಗ ಸಿಕ್ಕಿತು.

● ಪಂಪನ ಭಾರತದಲ್ಲಿ ದ್ರೌಪದಿಗೆ ಐವರು ಗಂಡಂದಿರಿಲ್ಲ! ಕ್ರಿ.ಶ. 941ರ ಸುಮಾರಿಗೆ ‘ವಿಕ್ರಮಾರ್ಜುನ ವಿಜಯ’ ಬರೆದ ಪಂಪ ಅವಳನ್ನು ಅರ್ಜುನನಿಗೆ ಮಾತ್ರ ಮದುವೆ ಮಾಡಿಸಿದ. ಕೊನೆಗೆ ಪಟ್ಟವೇರುವವನು ಧರ್ಮರಾಯನೂ ಅಲ್ಲ, ಅರ್ಜುನ, ಪಕ್ಕದಲ್ಲಿ ಸುಭದ್ರೆ. ಪಂಪನ ಒಡೆಯ ಅರಿಕೇಸರಿಯನ್ನೇ ಕವಿ ಅರ್ಜುನನೊಡನೆ ಒಂದು ಮಾಡಿದ್ದರಿಂದ ಕಥೆ ಹೀಗೆ ಬಾಗಬೇಕಾಯಿತು. ಆಶ್ರಯ ಕೊಟ್ಟ ಅರಸನ ಋಣ ಎಂಥದ್ದೆಂದು ತಿಳಿಯಲು ಬೇರೆ ಇತಿಹಾಸ ಬೇಡ. ಆದರೂ ಅದೇ ಪಂಪ ಕರ್ಣನ ಮೇಲಿನ ಪ್ರೀತಿಯನ್ನು ಮುಚ್ಚಿಡಲಿಲ್ಲ. ಋಣ ತೀರಿಸಿಯೂ ಮನಸ್ಸಿನ ಮಾತು ಆಡಿದ. ಅದಕ್ಕೇ ಅವನು ಪಂಪ.

ಅಂದಹಾಗೆ, ಪಂಪ ಕತ್ತಿ ಹಿಡಿದ ಕವಿ. ರಾಜಕಾರಣ ಹಿಡಿದ ಕವಿಗಳೂ ಉಂಟು. ನಮ್ಮ ಕಾಲದಲ್ಲಿ ಚಿಕ್ಕಬಳ್ಳಾಪುರವನ್ನು 2009ರಿಂದ 2019ರವರೆಗೆ ಲೋಕಸಭೆಯಲ್ಲಿ ಪ್ರತಿನಿಧಿಸಿದ ಎಂ. ವೀರಪ್ಪ ಮೊಯಿಲಿ ರಾಮಾಯಣವನ್ನೂ ಬಾಹುಬಲಿಯ ಕಥೆಯನ್ನೂ ಮಹಾಕಾವ್ಯವಾಗಿ ಬರೆದವರು. ಬಾಹುಬಲಿ ಕಾವ್ಯಕ್ಕೆ 2020ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

● ವೀರಗಲ್ಲನ್ನು ಹತ್ತಿರದಿಂದ ನೋಡಿದ್ದೀರಾ? ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ಬಿಲ್ಲು, ಬಾಳು, ಕೆಲವು ಕಲ್ಲುಗಳಲ್ಲಿ ಒಂದು ಬದಿಗೆ ಒತ್ತೊತ್ತಾಗಿ ದನಗಳ ತಲೆ. ನಡುವೆ ಸತ್ತ ವೀರನ ತೋಳು ಹಿಡಿದು ಮೇಲಕ್ಕೊಯ್ಯುವ ಅಪ್ಸರೆಯರು. ಮೇಲಿನದರಲ್ಲಿ ಶಿವಲಿಂಗ ಅಥವಾ ಜಿನ, ಅದರ ಮುಂದೆ ಕುಳಿತ ವೀರ. ಅಕ್ಷರ ಬಾರದವನಿಗೂ ಇಡೀ ಕಥೆ ತಿಳಿಯಬೇಕೆಂದು ಮಾಡಿದ ಏರ್ಪಾಟು ಇದು.

ಪಟ್ಟಿಕೆಗಳ ನಡುವಿನ ಬರಹದಲ್ಲಿ ಆ ಕಾಲ ಯಾವುದಕ್ಕೆ ಬೆಲೆ ಕೊಡುತ್ತಿತ್ತು ಎಂಬುದು ನೇರವಾಗಿ ಸಿಗುತ್ತದೆ. ತುರುಗೊಳ್ ಎಂದರೆ ದನ ಹೊಡೆದುಕೊಂಡು ಹೋದದ್ದು. ಊರಳಿವು ಎಂದರೆ ಊರನ್ನೇ ಹಾಳುಗೆಡವಿದ್ದು. ಪೆಣ್ಬುಯ್ಯಲ್ ಎಂದರೆ ಹೆಣ್ಣಿನ ಮೇಲೆ ಕೈ ಮಾಡಿದಾಗ ಎದ್ದ ಕೂಗು. ಈ ಮೂರರಲ್ಲಿ ಯಾವುದಕ್ಕೆ ಅಡ್ಡ ನಿಂತು ಸತ್ತರೂ ಕಲ್ಲು ನಿಲ್ಲುತ್ತಿತ್ತು. ಸತ್ತವನ ಮನೆಯವರಿಗೆ ಬಾಳ್ಗಚ್ಚು, ನೆತ್ತರುಗೊಡಗೆ ಎಂಬ ಹೆಸರಿನಲ್ಲಿ ಹೊಲ ಬಿಡುತ್ತಿದ್ದರು. ಪರಿಹಾರಕ್ಕೆ ಅರ್ಜಿ ಹಾಕಿ ಅಲೆಯುವ ಕಾಲದವರಾದ ನಾವು ಇದನ್ನು ಎರಡು ಸಲ ಓದಬೇಕು. ಮಂಡ್ಯ ಸೀಮೆಯ ಆತಕೂರಿನಲ್ಲಂತೂ ಹಂದಿಯೊಡನೆ ಕಾದಿ ಸತ್ತ ಕಾಳಿ ಎಂಬ ಬೇಟೆನಾಯಿಗೇ ಹತ್ತನೆಯ ಶತಮಾನದಲ್ಲಿ ಕಲ್ಲು ನಿಲ್ಲಿಸಿ ಪೂಜೆಗೆ ಭೂಮಿ ಬಿಟ್ಟರು.

● ಕಥೆ ಬರಿಯ ಕನ್ನಡಿಯಲ್ಲ, ಕೆಲವೊಮ್ಮೆ ಅದೇ ಕತ್ತಿ. ಕೋಲಾರದ ಸೀತಿಬೆಟ್ಟಕ್ಕೂ ಭಸ್ಮಾಸುರನಿಗೂ ಗಂಟು ಹಾಕಿದ ಕಥೆಯೊಂದು ಈ ಭಾಗದಲ್ಲಿದೆ. ಶಿವ ಎಲ್ಲಿ ಅಡಗಿದ್ದಾನೆಂದು ರೈತನೊಬ್ಬ ಬೆರಳು ತೋರಿಸಿದನಂತೆ. ಆ ಬೆರಳು ಕಡಿಯಲು ಶಿವ ಬಂದಾಗ ರೈತನ ಹೆಂಡತಿ, ಇವನ ಬೆರಳು ಹೋದರೆ ಉಳುವವರು ಯಾರು ಎಂದು ತನ್ನ ಬೆರಳನ್ನೇ ಕೊಟ್ಟಳಂತೆ. ಈ ಕಥೆಯ ಬಲದಿಂದ ಇಲ್ಲಿನ ಒಂದು ಒಕ್ಕಲು ಪಂಗಡದ ಹೆಂಗಸರು ಮಕ್ಕಳ ಕಿವಿ ಚುಚ್ಚಿಸುವ ಮೊದಲು ತಮ್ಮ ಬೆರಳ ತುದಿ ಕಡಿಸಿಕೊಳ್ಳುತ್ತಿದ್ದರು. 19ನೇ ಶತಮಾನದ ಆಂಗ್ಲ ಅಧಿಕಾರಿಗಳು ಇದನ್ನು ಬರೆದಿಟ್ಟಿದ್ದಾರೆ. ಸರ್ಕಾರ ತಡೆದ ಮೇಲೆ ಬೆರಳಿಗೆ ಬದಲು ಚಿನ್ನ ಒಪ್ಪಿಸುವ ಪದ್ಧತಿ ಬಂತು. ಗಂಡನ ದುಡಿಮೆಯ ಕೈ ಉಳಿಯಬೇಕು, ಹೆಂಡತಿಯ ಕೈ ಹೋದರೂ ಸರಿ ಎಂಬುದು ಕಥೆಯ ಒಳಲೆಕ್ಕ. ಕಳೆ ಕಿತ್ತು, ನಾಟಿ ಮಾಡಿ, ಹಾಲು ಕರೆಯುವ ಕೈ ಯಾರದು ಎಂದು ಕಥೆ ಕಟ್ಟಿದವರು ಕೇಳಿಕೊಳ್ಳಲಿಲ್ಲ.

● ಬಳೆ ಮಾರುತ್ತಿದ್ದ ಸಂತನ ಜಯಂತಿಯನ್ನು ಕರ್ನಾಟಕ ಸರ್ಕಾರ ಆಚರಿಸುತ್ತದೆ. ಕೈವಾರದ ಯೋಗಿ ನಾರೇಯಣ, ಜನರ ಬಾಯಲ್ಲಿ ತಾತಯ್ಯ. ಹುಟ್ಟಿದ್ದು 1726, ಬಾಳಿದ್ದು 110 ವರ್ಷ ಎನ್ನುತ್ತದೆ ಸಂಪ್ರದಾಯ. ಪರದೇಶಿ ಸ್ವಾಮಿ ಎಂಬ ಗುರು ಬಾಯಲ್ಲಿಟ್ಟುಕೊಳ್ಳಲು ಕಲ್ಲು ಕೊಟ್ಟರು, ಅದು ಕಲ್ಲುಸಕ್ಕರೆಯಾದ ದಿನ ಜ್ಞಾನ ಕೈಗೂಡಿತು ಎಂಬ ಕಥೆಯನ್ನು ಇಲ್ಲಿನ ಮಕ್ಕಳೂ ಹೇಳುತ್ತಾರೆ. ತಾತಯ್ಯ ತೆಲುಗಿನಲ್ಲೂ ಹಾಡಿದರು, ಕನ್ನಡದಲ್ಲೂ ಹಾಡಿದರು. ಮನೆಯಲ್ಲಿ ಒಂದು, ಸಂತೆಯಲ್ಲಿ ಒಂದು ಭಾಷೆ ಆಡುವ ಸೀಮೆಯಲ್ಲಿ ಇದು ಯಾರಿಗೂ ವಿಚಿತ್ರವೆನಿಸಲಿಲ್ಲ. ಹೈದರ್, ಟಿಪ್ಪು, ಮರಾಠರು, ಇಂಗ್ಲಿಷರ ದಂಡುಗಳು ಈ ದಾರಿಯಲ್ಲೇ ಓಡಾಡುತ್ತಿದ್ದ ಕಾಲ ಅದು. 1791ರಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ನಂದಿದುರ್ಗವನ್ನು ಹಿಡಿದಾಗ ತಾತಯ್ಯನಿಗೆ 65 ವರ್ಷ. ಇವತ್ತಿದ್ದ ದೊರೆ ನಾಳೆ ಇಲ್ಲ ಎಂಬುದನ್ನು ಕಣ್ಣಾರೆ ಕಂಡವರು ಕಾಲಜ್ಞಾನ ಹೇಳಿದರೆ, ದೇಹ ನೀರ ಮೇಲಿನ ಗುಳ್ಳೆ ಎಂಬ ತತ್ವಕ್ಕೆ ಜನ ತಲೆದೂಗಿದರೆ ಅಚ್ಚರಿಯೇನು? ಗುರುಪೂರ್ಣಿಮೆಗೆ ಕೈವಾರದಲ್ಲಿ 72 ಗಂಟೆಗಳ ಅಖಂಡ ಸಂಗೀತೋತ್ಸವ ನಡೆಯುತ್ತದೆ. ಹಳ್ಳಿಯ ಭಜನೆ ತಂಡಗಳಿಗೂ ಅಲ್ಲಿ ಜಾಗವಿದೆ.

● ಅದೇ ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯ ಭವಿಷ್ಯ ಹೇಳುವವರನ್ನೆಲ್ಲ ಪುರಾವೆ ಕೊಡಿ ಎಂದು ಕೇಳಿದವರು. ಅಮೆರಿಕದ ಓಹಾಯೋದಲ್ಲಿ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಬಂದವರು ಕೊನೆಯವರೆಗೂ ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ಇದ್ದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ಮಾಡಿದರು. ಅವರ ಆತ್ಮಕಥೆ ‘ಹೋರಾಟದ ಹಾದಿ’ ಓದಿದರೆ, ಗಾಂಧಿಯನ್ನೂ ವಿಜ್ಞಾನವನ್ನೂ ಒಟ್ಟಿಗೆ ನಂಬಿದ ಒಂದು ತಲೆಮಾರು ಹೇಗಿತ್ತೆಂದು ತಿಳಿಯುತ್ತದೆ. ತಾತಯ್ಯನೂ ನರಸಿಂಹಯ್ಯ ಮೇಷ್ಟ್ರೂ ಎದುರೆದುರು ಕುಳಿತಿದ್ದರೆ ಕಾಲಜ್ಞಾನದ ವಿಷಯದಲ್ಲಿ ಜಗಳ ಖಂಡಿತ. ಹಣ, ಆಡಂಬರದ ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು.

● ಹುಡುಗಿಗೆ ಹನ್ನೊಂದು ವರ್ಷ, ಹುಡುಗ ಇಂಗ್ಲಿಷ್ ಕಲಿತು ಬೆಂಗಳೂರಿನಿಂದ ಬಂದವನು. ಇವರ ಮದುವೆಯೇ ಸುಖಾಂತ! ಹಳೆಯ ಕೋಲಾರ ಜಿಲ್ಲೆಯ ಮಾಲೂರು ಸೀಮೆಯ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಬರೆದ, ರಂಗನ ಮದುವೆಯ ಕಥೆ ಇದು. ಊರಿಗೆ ಬಂದ ರಂಗನನ್ನು ನೋಡಲು ಜನ ಸೇರುತ್ತಾರೆ. ಮುದುಕಿಯೊಬ್ಬಳು ಅವನ ಎದೆ ಸವರಿ ಜನಿವಾರ ಇದೆಯೇ ಎಂದು ನೋಡಿ, ಇದೆ ಎಂದು ಸಮಾಧಾನ ಪಡುತ್ತಾಳೆ. ಇಂಗ್ಲಿಷ್ ವಿದ್ಯೆ ಬಂದ ಹೊಸತರಲ್ಲಿ ಹಳ್ಳಿಯ ಅಗ್ರಹಾರಕ್ಕಿದ್ದ ಭಯವನ್ನು ಇಷ್ಟು ನಗುನಗುತ್ತಾ ಹಿಡಿದುಕೊಟ್ಟವರು ಇನ್ನೊಬ್ಬರಿಲ್ಲ. ರಂಗ ದೊಡ್ಡ ಹುಡುಗಿಯನ್ನೇ ಮದುವೆಯಾಗುತ್ತೇನೆ, ಮನಸ್ಸಿಗೊಪ್ಪಬೇಕು ಎನ್ನುತ್ತಾನೆ. ಆದರೆ ಕಥೆ ಹೇಳುವ ಶ್ಯಾಮ, ಊರಿನ ಜ್ಯೋತಿಷಿ ಶಾಸ್ತ್ರಿಗಳ ಜೊತೆ ಸೇರಿ ಸಣ್ಣ ನಾಟಕ ಹೂಡಿ ಅವನನ್ನು ಆ ಹನ್ನೊಂದರ ಹುಡುಗಿ ರತ್ನಳಿಗೆ ಗಂಟು ಹಾಕುತ್ತಾನೆ.

ಆಗ ಕಾನೂನು ಏನೆನ್ನುತ್ತಿತ್ತು? ಮೈಸೂರು ಸಂಸ್ಥಾನದ 1894ರ ನಿಬಂಧನೆ ಮುಖ್ಯವಾಗಿ ತಡೆದದ್ದು ಎಂಟು ವರ್ಷ ತುಂಬದ ಹುಡುಗಿಯರ ಮದುವೆಯನ್ನು. ಹುಡುಗಿಗೆ 14 ಆಗಬೇಕೆಂದ ಶಾರದಾ ಕಾಯ್ದೆ ಬಂದದ್ದು 1929ರಲ್ಲಿ. ಆದ್ದರಿಂದ ಮಾಸ್ತಿಯವರ ರತ್ನ ಕಾನೂನಿನ ಕಣ್ಣಿಗೆ ಬೀಳುವವಳೇ ಅಲ್ಲ. ಇಂದಿನ ಓದುಗರಿಗೆ ಈ ಕಥೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಸಿಕ್ಕಿಕೊಳ್ಳಲೂ ಬೇಕು. ಹಾಗೆಂದು ಪಾಠದಿಂದ ಕಿತ್ತು ಹಾಕುವುದು ದಡ್ಡತನ. ನಮ್ಮ ಅಜ್ಜಿಯರು ಹಾಡು ಹೇಳಿಸಿಕೊಂಡು, ಹಸೆ ಏರಿ, ಬಾಲ್ಯ ಮುಗಿಸಿದ್ದು ಹೇಗೆಂದು ಇದಕ್ಕಿಂತ ಚೆನ್ನಾಗಿ ಹೇಳುವ ಸರ್ಕಾರಿ ದಾಖಲೆ ಸಿಗಲಿಕ್ಕಿಲ್ಲ.

● ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಕಾದಂಬರಿ 1899ರಲ್ಲೇ ವಿಧವೆಗೆ ಮರುಮದುವೆ ಮಾಡಿಸಿತ್ತು. ಮಂಗಳೂರು ಕಡೆ ಹಾಗೆ, ಮೈಸೂರು ಕಡೆ ಹೀಗೆ.

● ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುತ್ತಿದ್ದ ಹೊನ್ನಮ್ಮ ಬರೆದದ್ದು ‘ಹದಿಬದೆಯ ಧರ್ಮ’. ಹೆಸರು ನೋಡಿದರೆ ಪತಿವ್ರತೆಯ ಪಾಠ. ಒಳಗೆ ಹೆಣ್ಣುಮಗುವನ್ನು ಕೀಳಾಗಿ ಕಾಣುವ ಹೆತ್ತವರಿಗೆ ಬಿಸಿ ಮುಟ್ಟಿಸುವ ಮಾತುಗಳಿವೆ.

● ವಿಧವಾ ವಿವಾಹಕ್ಕೆ ಹೋರಾಡಿದ ಕಂದುಕೂರಿ ವೀರೇಶಲಿಂಗಂ ಅವರಿಗೇ ಒಬ್ಬ ಹೆಂಗಸು ಬರೆದ ಶೃಂಗಾರ ಕಾವ್ಯ ಅಸಹ್ಯವಾಗಿ ಕಂಡಿತು. ಅದು ತಂಜಾವೂರಿನ ಮುದ್ದುಪಳನಿಯ ತೆಲುಗು ‘ರಾಧಿಕಾ ಸಾಂತ್ವನಮು’. ಅದನ್ನು ಹಟ ಹಿಡಿದು 1910ರಲ್ಲಿ ಪೂರ್ಣವಾಗಿ ಅಚ್ಚು ಹಾಕಿಸಿದವರು ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ. ಬ್ರಿಟಿಷ್ ಸರ್ಕಾರ ಪುಸ್ತಕವನ್ನು ನಿಷೇಧಿಸಿತು. ನಿಷೇಧ ತೆರವಾದದ್ದು 1947ರಲ್ಲಿ.

● ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯ ಎಂದರೆ ಅಣೆಕಟ್ಟು ಎನ್ನುತ್ತೇವೆ. ಕನ್ನಡ ಸಾಹಿತ್ಯ ಪರಿಷತ್ತು 1915ರಲ್ಲಿ ಹುಟ್ಟಿದ್ದೂ ಅವರ ದಿವಾನಗಿರಿಯಲ್ಲೇ. ಅವರು ತಾವು ಬರೆದದ್ದು ಮಾತ್ರ ಇಂಗ್ಲಿಷಿನಲ್ಲಿ. ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕೆಂಬ ಪುಸ್ತಕ 1934ರದು, ಸ್ವಾತಂತ್ರ್ಯಕ್ಕೆ 13 ವರ್ಷ ಮೊದಲು.

● ಈಗಿನ ಕಾಲದ ಸಾಹಿತ್ಯ ಯಾವುದು ಎಂದು ಹಳ್ಳಿಯಲ್ಲಿ ಕೇಳಿದರೆ ಸರ್ಕಲ್‌ನ ಫ್ಲೆಕ್ಸ್ ತೋರಿಸಬಹುದು. ‘ಕುರುಕ್ಷೇತ್ರ ಅಥವಾ ಧರ್ಮರಾಜ್ಯ ಸ್ಥಾಪನೆ’. ಕೆಳಗೆ ಕಿರೀಟ, ಗದೆ, ಕೂಲಿಂಗ್ ಗ್ಲಾಸ್‌ನ ಫೋಟೊಗಳು. ಗುಬ್ಬಿ ವೀರಣ್ಣನವರು 1934ರಲ್ಲಿ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದು ಆಡಿದ ನಾಟಕದ ಮೊಮ್ಮಕ್ಕಳು ಇವು. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಮಾತು, ಕಂದ, ಹಾಡು ಕಲಿಸುತ್ತಾರೆ. ಪಾತ್ರ ಮಾಡುವವರು ತಾವೇ ದುಡ್ಡು ಹಾಕಬೇಕು. ದುರ್ಯೋಧನನಿಗೆ ಹೆಚ್ಚು, ಸೈನಿಕನಿಗೆ ಕಡಿಮೆ. ದ್ರೌಪದಿಯ ಪಾತ್ರಕ್ಕೆ ಮಾತ್ರ ಊರಿನ ಹೆಣ್ಣುಮಗಳು ಬರುವುದಿಲ್ಲ, ಹೊರಗಿನಿಂದ ಕಲಾವಿದೆಯನ್ನು ಕರೆಸುತ್ತಾರೆ. ಹಣ, ಜಾತಿ, ಗಂಡಸುತನ, ಊರಿನ ಒಗ್ಗಟ್ಟು ಎಲ್ಲವೂ ಒಂದೇ ರಾತ್ರಿಯಲ್ಲಿ ವೇದಿಕೆ ಮೇಲೆ ಬರುತ್ತವೆ. ಮುಂದಿನ ಸಂಶೋಧಕರು ನಮ್ಮನ್ನು ಅಳೆಯಲು ಈ ಫ್ಲೆಕ್ಸ್‌ಗಳನ್ನು ಹುಡುಕುತ್ತಾರೆ. ಪ್ಲಾಸ್ಟಿಕ್ಕಾದ್ದರಿಂದ ಉಳಿದೂ ಉಳಿದಾವು!

● ಕೊನೆಯದು. ಬಿ.ಎಲ್. ರೈಸ್ ಹಳೆಯ ಕೋಲಾರ ಜಿಲ್ಲೆಯ ಶಾಸನಗಳನ್ನೆಲ್ಲ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 10ನೇ ಸಂಪುಟದಲ್ಲಿ 1905ರಲ್ಲೇ ಅಚ್ಚು ಹಾಕಿಸಿದರು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಾದ್ದರಿಂದ ನಮ್ಮ ತಾಲ್ಲೂಕುಗಳೆಲ್ಲ ಅದರಲ್ಲೇ ಇವೆ. ತಾಲ್ಲೂಕುವಾರು ಸಂಖ್ಯೆ ಕೊಟ್ಟು, ಯಾವ ಊರಿನಲ್ಲಿ, ಯಾವ ಜಾಗದಲ್ಲಿ ಕಲ್ಲಿದೆ ಎಂದು ಬರೆದಿದ್ದಾರೆ. ಸಂಪುಟ ಇಂಟರ್ನೆಟ್‌ನಲ್ಲಿ ಉಚಿತವಾಗಿ ಸಿಗುತ್ತದೆ. ನಿಮ್ಮೂರಿನ ಹೆಸರು ಹುಡುಕಿ, ಸಂಖ್ಯೆ ಬರೆದುಕೊಂಡು, ಆ ಕಲ್ಲು ಇನ್ನೂ ಇದೆಯೇ ಹೋಗಿ ನೋಡಿ. ಯಾರಾದರೂ ಅದರ ಮೇಲೆ ಬಟ್ಟೆ ಒಗೆಯುತ್ತಿದ್ದರೆ, ಆಯಿಲ್ ಪೇಂಟ್ ಬಳಿದಿದ್ದರೆ ಜಗಳಕ್ಕೆ ಹೋಗಬೇಡಿ. ಬೇರೆ ಒಗೆಯುವ ಕಲ್ಲೊಂದನ್ನು ಹಾಕಿಸಿಕೊಟ್ಟು, ಇದನ್ನು ಎತ್ತಿ ನಿಲ್ಲಿಸಿ.