ಅಗ್ಗದ ಚಾಕುವಿನ ಕಳ್ಳ ಮೋಹ

ಸೀರೆ ಕೂಡಿಟ್ಟರೆ ಯಾರೂ ಏನೂ ಅನ್ನುವುದಿಲ್ಲ, ಚಾಕು ಕೂಡಿಟ್ಟರೆ ಮಾತ್ರ ಮನೆಯವರ ಹುಬ್ಬು ಮೇಲೇರುತ್ತದೆ! ವಾಳೂಜ್‌ನಂಥ ಕಾರ್ಖಾನೆಗಳ ಊರಿನಲ್ಲಿ ಈ ಚಟ ಬಿಡುವುದು ಕಷ್ಟ. ಮಹಾರಾಷ್ಟ್ರದ ಅಲೆಮಾರಿ ಕಮ್ಮಾರರಾದ ಘಿಸಾಡಿಗಳು ರಸ್ತೆ ಬದಿಯಲ್ಲೇ ತಿದಿ ಹೂಡಿ ಗುಜರಿ ಕಬ್ಬಿಣ ಬಡಿಯುತ್ತಾರೆ. ಕೈಕೆಲಸವಲ್ಲವೇ, ಒಂದರಂತೆ ಇನ್ನೊಂದಿಲ್ಲ. ಅದಕ್ಕೇ ಎರಡನೆಯದೂ ಬೇಕೆನಿಸುತ್ತದೆ.

ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯದಾದರೆ ಇನ್ನೂ ಚೆನ್ನ. ಇಂಗಾಲ ಹೆಚ್ಚಿರುವ ಆ ಉಕ್ಕು ಹದವಾಗಿ ಕಾದು ತಣಿದಿದ್ದರೆ ಕಲ್ಲಿಗೆ ಉಜ್ಜಿದೊಡನೆ ಹರಿತವಾಗುತ್ತದೆ. ಆದರೆ ಸ್ಟೇನ್‌ಲೆಸ್‌ನಲ್ಲಿರುವ ಕನಿಷ್ಠ ಶೇ. 10.5 ಕ್ರೋಮಿಯಂ ಇದರಲ್ಲಿಲ್ಲ. ನಿಂಬೆಹಣ್ಣು ಹೆಚ್ಚಿ ಹಾಗೇ ಇಟ್ಟರೆ ತುಕ್ಕು ಗ್ಯಾರಂಟಿ. ಒರೆಸಿ ಕೊಬ್ಬರಿ ಎಣ್ಣೆ ಸವರಿಡಿ.

ಇನ್ನೊಂದು ಮಾತು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಿದ್ದರೆ ಅದು ಆಯುಧದ ಪಟ್ಟಿಗೆ ಸೇರುತ್ತದೆ. ಅಡುಗೆಮನೆ, ಹೊಲದ ಉಪಕರಣಗಳಿಗೆ ವಿನಾಯಿತಿಯುಂಟು. ‘ಸುಮ್ಮನೆ ಚೆನ್ನಾಗಿದೆ’ ಎಂದು ಕೊಂಡದ್ದಕ್ಕಿಲ್ಲ. ಸಂತೆಗೆ ಹೋಗುವಾಗ ಜೇಬಿನಲ್ಲೊಂದು ಅಳತೆಪಟ್ಟಿ ಇರಲಿ.