ರದ್ದಿಗೆ ಹಾಕುವ ಮುನ್ನ ಒಮ್ಮೆ ಬಿಡಿಸಿ ನೋಡಿ

ಎಚ್.ಡಿ. ಕೋಟೆ ಸೀಮೆಯ ಬೀಚನಹಳ್ಳಿಗೆ ನೀವು ಹೋಗಿರಬಹುದು. 1974ರಲ್ಲಿ ಪೂರ್ಣಗೊಂಡ ಕಬಿನಿ ಅಣೆಕಟ್ಟು ಇರುವ ಊರದು. ನೀರಿನ ಮೇಲೆ ರೆಕ್ಕೆ ಬಡಿಯದೆ ತೇಲುವ ಹದ್ದನ್ನು ಕಂಡು, "ಅದು ಯಾಕೆ ಬೀಳುವುದಿಲ್ಲ ಅಮ್ಮೀ?" ಎಂದು ಮಗು ಕೇಳಿರಲೂಬಹುದು. ಇದೇ ಪ್ರಶ್ನೆಯ ಬೆನ್ನು ಹತ್ತಿ ಮನೆಯಲ್ಲೇ ಪುಟ್ಟ ವಿಮಾನ ಕಟ್ಟಿ ಹಾರಿಸಿದವರು ಪ್ರಪಂಚದಲ್ಲಿ ಬಹಳ ಮಂದಿ ಇದ್ದಾರೆ.

ಅಣೆಕಟ್ಟಿರಲಿ, ವಿಮಾನವಿರಲಿ, ಮೊದಲು ಬೇಕಾದದ್ದು ನಕ್ಷೆ. ದೊಡ್ಡ ಕಾಮಗಾರಿಯ ನಕ್ಷೆಗೆ ಕಚೇರಿಯಿದೆ, ಕಡತವಿದೆ. ಹವ್ಯಾಸಕ್ಕೆಂದು ಕಟ್ಟಿದ ಪುಟ್ಟ ವಿಮಾನದ ನಕ್ಷೆಗೆ ಏನಿದೆ? ಅಟ್ಟ, ಹಳೆಯ ಟ್ರಂಕು, ಕೊನೆಗೆ ಗುಜರಿ ಅಂಗಡಿ.

ನಕ್ಷೆ ಕಳೆದುಹೋದದ್ದು ಹೇಗೆ?

ನೆಲದಲ್ಲಿ ನಿಂತು ರೇಡಿಯೊ ಸಂಕೇತದಿಂದ ಮಾದರಿ ವಿಮಾನವನ್ನು ನಡೆಸುವ ವಿದ್ಯೆ ಹೊಸದಲ್ಲ. ಅಮೆರಿಕದ ಅವಳಿ ಸಹೋದರರಾದ ವಾಲ್ಟರ್ ಗುಡ್ ಮತ್ತು ವಿಲಿಯಂ ಗುಡ್ 1937ರಲ್ಲೇ 'ಗಫ್' ಎಂಬ ವಿಮಾನವನ್ನು ಹೀಗೆ ಹಾರಿಸಿದ್ದರು. ಅದು ಈಗ ಅಲ್ಲಿನ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ. ಇಂಗ್ಲೆಂಡಿನಲ್ಲಿ 1935ರಲ್ಲಿ ಆರಂಭವಾದ 'ಏರೋಮಾಡೆಲರ್' ಪತ್ರಿಕೆ ಓದುಗರಿಗೆ ನಕ್ಷೆಗಳನ್ನು ಒದಗಿಸುತ್ತಿತ್ತು. ಕೀಲ್‌ಕ್ರಾಫ್ಟ್ ಕಂಪೆನಿಗಾಗಿ ಆಲ್ಬರ್ಟ್ ಹ್ಯಾಟ್‌ಫುಲ್ 1946ರಲ್ಲಿ ರೂಪಿಸಿದ 'ಜೂನಿಯರ್ 60' ಬಹಳ ಹೆಸರು ಮಾಡಿತು. ರೆಕ್ಕೆಯ ಒಟ್ಟು ಉದ್ದ 60 ಇಂಚು, ಅಂದರೆ ಐದು ಅಡಿ. ಅದರಿಂದಲೇ ಆ ಹೆಸರು.

ಇಂಥ ನಕ್ಷೆಯನ್ನು ಕೆಡಿಸುತ್ತಿದ್ದುದು ಸ್ವತಃ ಅದರ ಬಳಕೆಯೇ. ನೀವು ಹೊಲಿಗೆ ಬಲ್ಲವರಾದರೆ ಇದು ಬೇಗ ಅರ್ಥವಾಗುತ್ತದೆ. ಈದ್‌ಗೆ ಮಗಳ ಕುರ್ತಾ ಹೊಲಿಯಲು ಕಾಗದದ ಅಳತೆಯನ್ನು ಬಟ್ಟೆಯ ಮೇಲಿಟ್ಟು ಪಿನ್ನು ಚುಚ್ಚುತ್ತೀರಿ. ನಾಲ್ಕು ಸಲ ಬಳಸುವಷ್ಟರಲ್ಲಿ ಕಾಗದ ತೂತುತೂತು. ವಿಮಾನದ ನಕ್ಷೆಯ ಗತಿಯೂ ಅದೇ. ಅದನ್ನು ಹಲಗೆಯ ಮೇಲೆ ಹಾಸಿ, ಬಾಲ್ಸಾ ಎಂಬ ಬಲು ಹಗುರವಾದ ಮರದ ಕಡ್ಡಿಗಳನ್ನು ಗೆರೆಯ ಮೇಲೆಯೇ ಜೋಡಿಸಿ, ಪಿನ್ನು ಚುಚ್ಚಿ ಅಂಟಿಸುತ್ತಿದ್ದರು. ಕೆಲವರು ಒಂದು ರೆಕ್ಕೆಯ ನಕ್ಷೆಗೆ ಎಣ್ಣೆ ಸವರುತ್ತಿದ್ದರು. ಗೆರೆ ಹಿಂಬದಿಗೂ ಕಾಣುತ್ತಿತ್ತು; ಕಾಗದ ಮಗುಚಿ ಹಾಕಿದರೆ ಇನ್ನೊಂದು ರೆಕ್ಕೆಯ ನಕ್ಷೆ ಸಿದ್ಧ! ವಿಮಾನ ಹಾರುವ ಹೊತ್ತಿಗೆ ನಕ್ಷೆ ಚಿಂದಿಯಾಗಿರುತ್ತಿತ್ತು.

ಇನ್ನೊಂದು ತೊಡಕೂ ಇತ್ತು. ಪೆಟ್ಟಿಗೆಯಲ್ಲಿ ಬರುತ್ತಿದ್ದ ಎಷ್ಟೋ ವಿಮಾನಗಳ ಬಿಡಿಭಾಗಗಳ ಆಕಾರವನ್ನು ಮರದ ಹಾಳೆಯ ಮೇಲೆಯೇ ಅಚ್ಚು ಹಾಕಿರುತ್ತಿದ್ದರು. ನಕ್ಷೆಯಲ್ಲಿ ಅವು ಇರುತ್ತಿರಲಿಲ್ಲ. ಹೀಗಾಗಿ ನಕ್ಷೆ ಉಳಿದರೂ ಅದು ಅರ್ಧ ನಕ್ಷೆ ಮಾತ್ರ.

ಮರಳಿ ಪಡೆಯುವ ಬಗೆ

ಹಳೆಯ ರವಿಕೆ ಬಿಚ್ಚಿ ಹೊಸದಕ್ಕೆ ಅಳತೆ ತೆಗೆದ ಅನುಭವ ನಿಮಗಿದ್ದರೆ, ಈ ಕೆಲಸದ ಅರ್ಧ ಗುಟ್ಟು ನಿಮಗೆ ಗೊತ್ತಿದೆ. ಮುರಿದ ವಿಮಾನವೊಂದು ಸಿಕ್ಕಿದರೆ ಅದರ ಮೇಲಿನ ತೆಳು ಹೊದಿಕೆಯನ್ನು ನಿಧಾನವಾಗಿ ಸುಲಿದು, ರೆಕ್ಕೆಯೊಳಗಿನ ಪ್ರತಿಯೊಂದು ಪಟ್ಟಿಯನ್ನೂ ಕಾಗದದ ಮೇಲಿಟ್ಟು ಗೆರೆ ಎಳೆಯುತ್ತಾರೆ. ಪಟ್ಟಿಗಳ ನಡುವಿನ ಅಂತರ, ರೆಕ್ಕೆ ಮೇಲಕ್ಕೆ ಬಾಗಿದ ಕೋನ, ಬಾಲದ ಓರೆ ಎಲ್ಲವನ್ನೂ ಬರೆದಿಡುತ್ತಾರೆ.

ಕಾಗದವೇ ಸಿಕ್ಕಿದರೆ ಬೇರೊಂದು ಎಚ್ಚರ ಬೇಕು. ಮಡಿಕೆ ಬಿದ್ದ ದೊಡ್ಡ ಹಾಳೆಯನ್ನು ತುಂಡು ತುಂಡಾಗಿ ಸ್ಕ್ಯಾನ್ ಮಾಡಿ ಜೋಡಿಸುವಾಗ ಅಳತೆ ಹಿಗ್ಗುತ್ತದೆ, ಕುಗ್ಗುತ್ತದೆ. 60 ಇಂಚಿನ ರೆಕ್ಕೆಯಲ್ಲಿ ನೂರಕ್ಕೆ ಒಂದರಷ್ಟು ತಪ್ಪಿದರೂ ಅರ್ಧ ಇಂಚಿಗಿಂತ ಹೆಚ್ಚು ವ್ಯತ್ಯಾಸ. ಅದಕ್ಕೆ ಹಾಳೆಯ ಪಕ್ಕದಲ್ಲೇ ಒಂದು ಅಳತೆಪಟ್ಟಿ ಇಟ್ಟು ಸ್ಕ್ಯಾನ್ ಮಾಡಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ತೂಕ ಸಮವಾಗಿ ನಿಲ್ಲುವ ಬಿಂದು. ನಕ್ಷೆಯಲ್ಲಿ ಅದು ಒಂದು ಚಿಕ್ಕ ಗುರುತು ಅಷ್ಟೆ. ಆದರೆ ಆ ಗುರುತು ಅಳಿಸಿಹೋಗಿ, ಅಂದಾಜಿನಲ್ಲಿ ತೂಕ ಹಿಂದಕ್ಕೆ ಸರಿದರೆ ತಿಂಗಳುಗಟ್ಟಲೆ ಕಟ್ಟಿದ್ದು ಕ್ಷಣದಲ್ಲಿ ನೆಲಕ್ಕಪ್ಪಳಿಸುತ್ತದೆ. ಹಿಂದಿನ ರೇಡಿಯೊ, ಬ್ಯಾಟರಿಗಳು ಭಾರವಾಗಿದ್ದವು, ಈಗಿನವು ಹಗುರ. ಹಳೆಯ ನಕ್ಷೆಗೆ ಹೊಸ ಉಪಕರಣ ಹಾಕುವಾಗಲೂ ಈ ಬಿಂದುವನ್ನು ಕಾಯ್ದುಕೊಳ್ಳಬೇಕು.

ಒಳ್ಳೆಯ ಕೆಲಸಗಾರರು ಇನ್ನೊಂದು ನಿಯಮ ಪಾಲಿಸುತ್ತಾರೆ. ಮೂಲ ಗೆರೆ ಯಾವುದು, ತಾವು ಊಹಿಸಿದ ಗೆರೆ ಯಾವುದು ಎಂದು ಬೇರೆ ಬೇರೆಯಾಗಿ ಗುರುತು ಮಾಡುತ್ತಾರೆ. ರೂಪಿಸಿದವರ ಹೆಸರನ್ನು ಅಳಿಸುವುದಿಲ್ಲ. ಊಹೆಯನ್ನು ಮೂಲವೆಂದು ದಾಟಿಸುವುದು ಸುಳ್ಳು ಹೇಳಿದಂತೆಯೇ ಅಲ್ಲವೇ?

ನಮ್ಮದೇ ವಿಮಾನ

ಕನ್ನಡ ನಾಡಿನಲ್ಲೂ ಅಳೆದು ಉಳಿಸಿಕೊಳ್ಳಬೇಕಾದ ವಿಮಾನಗಳಿವೆ. ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯಲ್ಲಿ ಡಾ. ವಿ.ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಮೊದಲ ಬಾರಿಗೆ ಹಾರಿತು. ಅದರ ರೆಕ್ಕೆಗಳ ಅಗಲ 10.72 ಮೀಟರ್. ಏಳನೆಯ ಒಂದು ಪಾಲಿಗೆ ಇಳಿಸಿದರೆ ಸುಮಾರು 1.53 ಮೀಟರ್, ಹೆಚ್ಚುಕಡಿಮೆ 'ಜೂನಿಯರ್ 60'ರಷ್ಟೇ! 2001ರಲ್ಲಿ ಆರಂಭವಾದ ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದೊಯ್ದರೆ ನಮ್ಮ ನಾಡಿನ ಹಳೆಯ ವಿಮಾನಗಳನ್ನು ಹತ್ತಿರದಿಂದ ನೋಡಬಹುದು.

ಎನ್‌ಸಿಸಿಯ ವಾಯು ವಿಭಾಗದಲ್ಲಿ ಕೆಡೆಟ್‌ಗಳಿಗೆ ಮಾದರಿ ವಿಮಾನ ಕಟ್ಟುವುದನ್ನು ಕಲಿಸುತ್ತಾರೆ. ನಿಮ್ಮ ಮನೆಯಲ್ಲಿ ಆ ವಿಭಾಗದಲ್ಲಿದ್ದ ಮಾವನೋ ಚಿಕ್ಕಪ್ಪನೋ ಇದ್ದರೆ ಒಮ್ಮೆ ಕೇಳಿ ನೋಡಿ. ಅಟ್ಟದಲ್ಲಿ ಹಳೆಯ ಹಾಳೆಯೊಂದು ಇದ್ದರೂ ಇರಬಹುದು. ಸಿಕ್ಕಿದರೆ ಬಿಸಿಲಿಗೆ ಹಾಕಬೇಡಿ, ನೀಲಿ ಗೆರೆ ಮಾಸುತ್ತದೆ. ಅಂಟುಪಟ್ಟಿ ಹಚ್ಚಬೇಡಿ, ವರ್ಷಗಳ ಮೇಲೆ ಅದೇ ಕಾಗದವನ್ನು ಹಳದಿಯಾಗಿಸಿ ತಿನ್ನುತ್ತದೆ. ಮಡಚದೆ ಕೊಳವೆಯಂತೆ ಸುತ್ತಿ, ಗೆದ್ದಲು, ತೇವ ತಾಗದಂತೆ ಇಡಿ. ಯಾರದು, ಯಾವ ವರ್ಷದ್ದು ಎಂದು ಚೀಟಿ ಬರೆದಿಡಿ. ಹಿರಿಯರು ಇರುವಾಗಲೇ ಕೇಳಿ ಬರೆದುಕೊಳ್ಳಿ.

ಮಕ್ಕಳು ವಿಮಾನ ಕಟ್ಟಿದರೆ ಹಾರಿಸುವ ಜಾಗದ ಬಗ್ಗೆಯೂ ಜಾಗ್ರತೆ ಇರಲಿ. ಬೀಚನಹಳ್ಳಿಯಂಥ ಊರಿನಲ್ಲಿ ಒಂದು ಕಡೆ ಅಣೆಕಟ್ಟು, ಹತ್ತಿರದಲ್ಲೇ ವನ್ಯಜೀವಿಗಳ ಕಾಡು. ಅವು ಹಾರಾಟದ ಜಾಗಗಳಲ್ಲ. 2021ರ ಡ್ರೋನ್ ನಿಯಮಗಳನ್ನೂ ಮೊದಲೇ ತಿಳಿದುಕೊಳ್ಳಿ.

ಮನೆಯಲ್ಲಿ ಯಾವ ಕಾಗದ ಉಳಿಯಬೇಕು, ಯಾವುದು ಹೋಗಬೇಕು ಎಂದು ತೀರ್ಮಾನಿಸುವುದು ಹೆಚ್ಚಾಗಿ ನೀವೇ. ಮುಂದಿನ ಸಲ ಗುಜರಿಯವನ ಕೂಗು ಕೇಳಿದಾಗ, ಕಟ್ಟಿನ ಮೇಲೆ ಕೈಯಿಟ್ಟು ಒಂದು ನಿಮಿಷ ನಿಲ್ಲಿ. ಮಡಿಸಿದ ಆ ಹಾಳೆಯಲ್ಲಿ ಯಾರದೋ ಕೈ ಕಲಿತ ವಿದ್ಯೆ ಇರಬಹುದು. ಕಿಲೋ ಲೆಕ್ಕದಲ್ಲಿ ತೂಗಿ ಕೊಟ್ಟ ಮೇಲೆ ಅದನ್ನು ಮರಳಿ ಪಡೆಯಲು ಇನ್ನೊಬ್ಬರು ವರ್ಷಗಟ್ಟಲೆ ದುಡಿಯಬೇಕಾಗುತ್ತದೆ.